ಸೈಕಲ್ ಮ್ಯಾಪ್ ಹಿಡಿದು ಹಂದಿಬೇಟೆ

ಸುಜಯ್,

ಹೃಷಿಯ ರಕ್ತ ಮೆತ್ತಿದ ಜಾಕೆಟ್ ಬಕೆಟ್‌ನಲ್ಲಿದೆ. ತಣ್ಣೀರಲ್ಲೇ ತಿಕ್ಕು, ಬಿಸಿನೀರು ಹಾಕಿದರೆ ಕಲೆ ಹೋಗಲ್ಲ.

ನಿನ್ನ ಸೈಕಲ್ ಮ್ಯಾಪ್ ಹರಿದು ಕಸಕ್ಕೆ ಹಾಕಿದ್ದೀನಿ. ಪಕ್ಕದ ಬೆಲ್ಜಿಯಂ ಗುಡ್ಡದ ಬೇಟೆಗೆ ಏರು-ಇಳಿವಿನ ಗೆರೆಗಳಿರೋ ನಕ್ಷೆನೇ ಬೇಕು ಅಂತ ಹೃಷಿ ಬಡ್ಕೊಂಡರೂ ನೀನು ಇದನ್ನೇ ಹಿಡಿದು ಹೊರಟೆ. ಈ ಚಪ್ಪಟೆ ದೇಶದಲ್ಲಿ ಸೈಕಲ್ ತುಳಿದೂ ತುಳಿದೂ ನಿನಗೆ ನಕ್ಷೆಯಲ್ಲಿ ಹತ್ತಿರ ಅಂದರೆ ಕಾಲಿಗೂ ಹತ್ತಿರ! ಹಂದಿ ನನ್ನ ತಮ್ಮನ ತೊಡೆ ಸೀಳಿದ ಮೇಲೆ ನೀನು ಹಿಡಿದ ಹತ್ತಿರದ ದಾರಿ ಪ್ರಪಾತದ ಅಂಚಲ್ಲಿ ಮುಗೀತು. ಸುತ್ತು ಹಾಕಿ ಹೊತ್ತು ತರೋಷ್ಟರಲ್ಲಿ ಕಾಲು ಸತ್ತಿತ್ತು. ಇವತ್ತು ಕತ್ತರಿಸ್ತಾರೆ.

ಕೊರೊನಾ ಅಂತ ಆಸ್ಪತ್ರೆಗೆ ಒಬ್ಬರನ್ನೇ ಬಿಡ್ತಾರೆ. ನೀನು ಬರಬೇಡ. ಕುಕ್ಕರಲ್ಲಿ ಅನ್ನ ಇದೆ, ತಿನ್ನು.

"ಭಾವಂಗೆ ಬೈಬೇಡ ಅಕ್ಕ" ಅಂತ ಫೋನಲ್ಲಿ ಅಳ್ತಿದ್ದ. ಅದಕ್ಕೇ ನೀನು ಏಳೋ ಮುಂಚೆ ಹೊರಟೆ.

ರಜನಿ