ಅಂದ್ರೇಯನ ಹೆಸರಿನಲ್ಲಿ

೨೩ ಸೆಪ್ಟೆಂಬರ್ ೨೦೨೨, ಶುಕ್ರವಾರ
ಬೆಳಿಗ್ಗೆ ಮಗಳು ಅಪೇಕ್ಷಾಳ ಈಜಿನ ಕ್ಲಾಸ್. ಟವೆಲ್ ಮರೆತು, ಕ್ಲಬ್ ಇರುವ ರಿಫಾದ ಅರ್ಧ ದಾರಿಯಿಂದ ವಾಪಸ್. ನಮ್ಮಂತೆಯೇ ಈ ಕೊಲ್ಲಿ ದೇಶಕ್ಕೆ ದುಡಿಯಲು ಬಂದ ಕೋಚ್ ವಿಕ್ಟರ್ ಇವತ್ತು ನೀರಿಗಿಳಿಯಲಿಲ್ಲ. ದಂಡೆಯಲ್ಲಿ ಕೂತು ಫೋನ್ ನೋಡುತ್ತಿದ್ದ. ಸೈಬೀರಿಯಾದಲ್ಲಿರುವ ಅವಳಿ ತಮ್ಮ ಅಂದ್ರೇಯನನ್ನು ಯುಕ್ರೇನ್ ಯುದ್ಧಕ್ಕೆ ಕರೆದಿದ್ದಾರಂತೆ.
"ರಷ್ಯನ್ನರಾದ ಮೇಲೆ ಹೋಗಲೇಬೇಕಾ?" ಅಂದೆ.
"ನಾವು ಜರ್ಮನ್ನರು. ತಲೆಮಾರುಗಳಿಂದ ಆ ಕಡೆಯೇ ಇರುವವರು. ಹಿಂದಿನ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಯುಕ್ರೇನಿನಲ್ಲಿದ್ದ ಅಜ್ಜಿಯ ಊರಿಗೆ ಬಂತು. ನೀವು ನಮ್ಮ ರಕ್ತ ಅಂತ ಅವಳಣ್ಣನಿಗೆ ಯೂನಿಫಾರ್ಮ್ ಹಾಕಿಸಿತು. ಅವನು ವಾಪಸ್ ಬರಲೇ ಇಲ್ಲ. ಯುದ್ಧ ಮುಗಿದ ಮೇಲೆ ಉಳಿದವರನ್ನು ಸೈಬೀರಿಯಾಕ್ಕೆ ಅಟ್ಟಿದರು. ಈಗ ರಷ್ಯದವರು, ನೀವು ನಮ್ಮ ಪ್ರಜೆ ಅಂತಾರೆ."

೨ ಡಿಸೆಂಬರ್, ಶುಕ್ರವಾರ
ಅಂದ್ರೇಯ್ ಸತ್ತ. ವಿಕ್ಟರ್ ಕ್ಲಾಸ್ ತಪ್ಪಿಸಲಿಲ್ಲ. ಗಂಡಸರ ಲಾಕರ್ ರೂಮಿನ ಕನ್ನಡಿಗೆ ಟವೆಲ್ ಹೊದಿಸಿದ್ದಾನಂತೆ. ನಮ್ಮವರು, ರೂಪೇಶ್, ನೋಡಿ ಬಂದು ಹೇಳಿದರು.
"ಎಂತ ಮಾಡುದು ಮಾರಾಯ್ತಿ... ಅವನಿಗೆ ಅದರಲ್ಲಿ ತಮ್ಮನೇ ಕಾಣುದಲ್ವಾ?"

೬ ಜನವರಿ ೨೦೨೩
ಕ್ಲಬ್ಬಿನ ಕ್ಯಾಂಟೀನಿನಲ್ಲಿ ವಿಕ್ಟರ್ ವಿಡಿಯೋ ಕಾಲಿನಲ್ಲಿದ್ದ. ಸ್ಕ್ರೀನಿನಲ್ಲಿ ತಲೆಗೆ ಬಟ್ಟೆ ಕಟ್ಟಿದ ಮುದುಕಿ. ಅಜ್ಜಿ. "ಅಂದ್ರೇಯ್" ಎಂದು ಕರೆಯುತ್ತಿದ್ದಳು. ಇವನು ಓಗೊಡುತ್ತಿದ್ದ! ನಗುತ್ತಿದ್ದ. ಕಾಲ್ ಮುಗಿದ ಮೇಲೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ.
ಸಾವಿನ ಸುದ್ದಿ ಅಜ್ಜಿಗೆ ಹೇಳಿಲ್ಲವಂತೆ. ಅಂದ್ರೇಯ್ ಆಗಿ ಮಾತಾಡು ಅಂದದ್ದು ಅವನ ಅಮ್ಮನೇ.
"ವಿಕ್ಟರ್ ಎಲ್ಲಿ ಅಂತ ಕೇಳಲ್ವಾ?"
"ಕೇಳ್ತಾಳೆ. ಅವನು ದೂರದಲ್ಲಿದ್ದಾನೆ, ಸುಖವಾಗಿದ್ದಾನೆ ಅಂತೇನೆ."

೨೦ ಜನವರಿ
ಅಜ್ಜಿ ಹಾಸಿಗೆ ಹಿಡಿದಿದ್ದಾಳೆ. ಅಂದ್ರೇಯನ ಹೆಸರನ್ನೇ ಕನವರಿಸುತ್ತಾಳಂತೆ. ವಿಕ್ಟರ್ ಟಿಕೆಟ್ ಮಾಡಿದ್ದಾನೆ. ಮನೆಗೆ ಬಂದ ಮೇಲೆ ರೂಪೇಶ್ ಸಿಟ್ಟಾದರು.
"ಅಲ್ಲಿ ಇಳಿದ್ರೆ ಅವನನ್ನೂ ಎಳ್ಕೊಂಡು ಹೋಗ್ತಾರೆ. ನೀನಾದ್ರೂ ಹೇಳು."
ವಿಕ್ಟರ್‌ಗೆ ಫೋನಿನಲ್ಲಿ ಹೇಳಿದೆ.
"ನಾನು ಬಾಗಿಲಲ್ಲಿ ನಿಂತರೆ, ಅವಳ ಪಾಲಿಗೆ ಒಬ್ಬನಾದರೂ ಯುದ್ಧದಿಂದ ವಾಪಸ್ ಬಂದ ಹಾಗೆ," ಅಂದ.


೨೭ ಜನವರಿ
ಏರ್‌ಪೋರ್ಟಿಗೆ ನಾವೇ ಬಿಡಲು ಹೊರಟಿದ್ದೆವು. ಮುಹರ್ರಕ್ ಸೇರುವಾಗ ಅಜ್ಜಿಯ ಕಾಲ್. ವಿಕ್ಟರ್ ಎಂದಿನಂತೆ ಅಂದ್ರೇಯ್ ಆಗಿ ಮಾತಾಡಿದ. ಬರುತ್ತಿದ್ದೇನೆ ಅಂದಿರಬೇಕು.  ಆಮೇಲೆ ಅಜ್ಜಿ ನಿಧಾನವಾಗಿ ಏನೋ ಹೇಳಿದಳು. ನಡುವೆ "ವಿಕ್ಟರ್" ಅಂದದ್ದು ನನಗೂ ಕೇಳಿಸಿತು.
"ಏನಂದ್ರು?"
"ಬರಬೇಡ ವಿಕ್ಟರ್, ಅಂದಳು." ಫೋನನ್ನು ತೊಡೆಯ ಮೇಲಿಟ್ಟ. "ಮೊದಲಿನಿಂದಲೂ ಗೊತ್ತಿತ್ತಂತೆ. ಆದರೂ ಅಂದ್ರೇಯನ ಮುಖ ನೋಡಲಿಕ್ಕೆ ಸಿಗ್ತದಲ್ಲ ಅಂತ ಸುಮ್ಮನಿದ್ದಳಂತೆ."
ರೂಪೇಶ್ ಕಾರು ಬದಿಗೆ ನಿಲ್ಲಿಸಿದರು. ವಿಕ್ಟರ್ ಅತ್ತ. ತಮ್ಮ ಸತ್ತ ಮೇಲೆ ಅವನು ಅತ್ತದ್ದನ್ನು ನೋಡಿದ್ದು ಇದೇ ಮೊದಲು.
ಕಾರು ತಿರುಗಿಸಿದೆವು.

೧೦ ಫೆಬ್ರವರಿ
ಅಜ್ಜಿ ಹೋದ ವಾರ ತೀರಿಕೊಂಡಳಂತೆ. ವಿಕ್ಟರ್ ಇವತ್ತು ಕ್ಲಾಸಿಗೆ ಬಂದ. ನೀರಿನ ಅಂಚಿನಲ್ಲಿ ಬೆನ್ನು ಹಾಕಿ ನಿಂತಿದ್ದ. ಅಪೇಕ್ಷಾ "ವಿಕ್ಟರ್ ಸರ್!" ಅಂತ ಕೂಗಿದಳು. ತಿರುಗಲಿಲ್ಲ. ಮತ್ತೆ ಕೂಗಿದಳು. ಇಲ್ಲ. ಹತ್ತಿರ ಹೋದೆ. ನನಗೆ ಯಾಕೆ ಹಾಗನ್ನಿಸಿತೋ — ಮೆಲ್ಲಗೆ "ಅಂದ್ರೇಯ್" ಅಂದೆ. ಥಟ್ಟನೆ ತಿರುಗಿ ಓಗೊಟ್ಟ. ನಗುತ್ತಿದ್ದ.