ಗುಬ್ಬಿ ಅಜ್ಜಿಯನ್ನು ಕರೆದಳು

ಜೂನ್ ೧೨, ಗುರುವಾರ

ಬೆಳಿಗ್ಗೆ, ಬಾಯಿ ಮುಚ್ಚದ್ದಕ್ಕೇ ನಾವು 'ವಟವಟ' ಅಂತ ಕರೆಯುವ ಹುಡುಗನ ಅಮ್ಮ ನನ್ನನ್ನು ಶಿಶುವಿಹಾರದ ಬಾಗಿಲಲ್ಲೇ ತಡೆದು ಕೇಳಿದ್ದು ಇನ್ನೂ ತಲೆ ಕೊರೆಯುತ್ತಿದೆ.

"ಟೀಚರ್, ಕಿವಿ ಕೇಳಿಸದ ಗುಬ್ಬಿಗೋಸ್ಕರ ಎಲ್ಲ ಮಕ್ಕಳಿಗೂ ಕೈಸನ್ನೆ ಕಲಿಸ್ತಿದ್ದೀರಂತೆ. ನನ್ನ ಮಗ ಮಾತು ಮರೆತುಬಿಟ್ರೆ?"

"ಅವನಾ? ಮರೆಯೋ ಪೈಕಿ ಅಲ್ಲಮ್ಮ," ಅಂದೆ. ಅವರು ನಗಲಿಲ್ಲ.

ಸಂಜೆ ಗುಬ್ಬಿಯ ಅಜ್ಜಿ ಬಂದರು. ಗುಬ್ಬಿ ಗಲ್ಲ ಸವರಿಕೊಂಡು ಎರಡೂ ಕೈ ಚಾಚಿದಳು.

ಅಜ್ಜಿ ಗಾಬರಿಯಾಗಿ, "ಏನಾಯ್ತೇ, ಹಲ್ಲುನೋವಾ?" ಅಂದರು.

ಚಪ್ಪಲಿ ಹುಡುಕುತ್ತಿದ್ದ ವಟವಟ ತಲೆಯೆತ್ತಿ, "ಅಲ್ಲಜ್ಜೀ! ಅದು 'ಅಜ್ಜಿ' ಅಂತ. ನಿಮ್ಮನ್ನೇ ಕರೀತಿದಾಳೆ!" ಅಂದ.

ಮೊಮ್ಮಗಳು ಹುಟ್ಟಿದಾಗಿನಿಂದ ಅಜ್ಜಿ ಈ ಕರೆಗೆ ಕಾದಿದ್ದರು. ಅಲ್ಲೇ ಕೂತು, ತಾವೂ ಗಲ್ಲ ಸವರಿಕೊಳ್ಳುತ್ತ, "ಇನ್ನೊಂದ್ಸಲ ಕರಿಯೇ, ನನ್ನ ಬಂಗಾರ," ಅಂದರು. ಗುಬ್ಬಿ ಕರೆದಳು.

ಹಿಂದೆ ನಿಂತಿದ್ದ ವಟವಟನ ಅಮ್ಮ ಕಣ್ಣು ಒರೆಸಿಕೊಂಡರು.

ನಾಳೆಯಿಂದ ದೊಡ್ಡವರಿಗೂ ಕೈಸನ್ನೆ ಪಾಠ. ವಟವಟನ ಅಮ್ಮನೂ ಬಂದೇ ಬರುತ್ತಾರೆ. ಮೊದಲು ಕಲಿಸುವ ಪದ 'ಅಜ್ಜಿ'.