ಕುರ್ಚಿಯ ಮೇಲೆ ಹೊತ್ತೊಯ್ದ ಆರೋಗ್ಯ

ಏಜಿಯನ್ ಕಡಲಿನ ನಮ್ಮ ದ್ವೀಪದ ಆರೋಗ್ಯಾಧಿಕಾರಿಗಳೇ,

ಮಾನ್ಯರೇ ಎನ್ನಲು ಈ ವಾರ ನನಗೆ ಮನಸ್ಸಿಲ್ಲ. ನರ್ಸಮ್ಮನನ್ನು ಮನೆಮನೆಗೆ ಕಳಿಸುವುದನ್ನು ನಿಲ್ಲಿಸಿ, ಮಂಗಳವಾರಗಳಂದು ಮೇಲಿನ ಚೌಕದ ಕಾಫಿ ಅಂಗಡಿಯಲ್ಲಿ ಕೂರಿಸಿದ್ದೀರಿ. ಅಂಗಡಿಗೆ ದಿನವೂ ಬರುವ ಮುದುಕರು ಬಾರದವರಿಗಿಂತ ಗಟ್ಟಿಮುಟ್ಟಾಗಿದ್ದಾರೆಂದು ನಿಮ್ಮ ಸಮೀಕ್ಷೆ ಕಂಡುಕೊಂಡಿತಂತೆ. ಆದ್ದರಿಂದ ಅಂಗಡಿಗೆ ಬರುವುದೇ ಮದ್ದಂತೆ.

ನಾಚಿಕೆಯ ಮಾತೆಂದರೆ, ಇದನ್ನೆಲ್ಲ ಸಾರಿದ ನಿಮ್ಮ ಕರಪತ್ರವನ್ನು ನಾನೂ ನಂಬಿದೆ. ಕರಪತ್ರ ಓದಿಯೇ ಬುದ್ಧಿ ಬೆಳೆಸಿಕೊಂಡವಳು ನಾನು. ಅಂಕಿ ಕಂಡರೆ ತಲೆಬಾಗುತ್ತೇನೆ. ನನ್ನ ಅಜ್ಜ ಪಾಂಡೆಲಿಸರ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುವವರು ನರ್ಸಮ್ಮ ಮಾತ್ರ. ಹೀಗಾಗಿ ಕಳೆದ ಮಂಗಳವಾರ ಅಜ್ಜನನ್ನು ಕುರ್ಚಿಯಲ್ಲಿ ಕೂರಿಸಿ, ಇಬ್ಬರು ನೆರೆಯವರಿಂದ ಹೊರಿಸಿ ಮೆಟ್ಟಿಲು ಹತ್ತಿಸಿದೆ.

"ಕ್ಷೌರ ಆಗಿಲ್ಲ ಕಣೆ ಎವಂಥಿಯಾ. ಗಡ್ಡ ಬಿಟ್ಕೊಂಡು ಹೋದ್ರೆ ಮನೇಲಿ ಯಾರು ಸತ್ರು ಅಂತ ಕೇಳ್ತಾರೆ."

"ಸಮೀಕ್ಷೇಲಿ ಗಡ್ಡದ ಮಾತೇ ಇಲ್ಲ ಅಜ್ಜ, ಸುಮ್ನೆ ಕೂತ್ಕೊ."

ಅಂಗಡಿಯ ಮಾಲೀಕ ಲೆಫ್ಟೆರಿಸ್ ಕೇಳಿಯೇ ಬಿಟ್ಟ: "ಏನೋ ಪಾಂಡೆಲಿಸ್, ಗಡ್ಡ? ಯಾರು ಹೋದ್ರೋ?"

"ನಾನೇ," ಎಂದರು ಅಜ್ಜ. "ಮೆರವಣಿಗೆ ಕಾಣ್ಲಿಲ್ವೇನೋ?"

ಎಲ್ಲರೂ ನಕ್ಕರು. ಆಮೇಲೆ ನರ್ಸಮ್ಮ ಪಟ್ಟಿ ಬಿಚ್ಚಿದರು. ವಾಸನೆ ಮೇಜಿನಿಂದ ಮೇಜಿಗೆ ಹೋಯಿತು. ಪಗಡೆ ಆಡುತ್ತಿದ್ದವರು ಒಬ್ಬೊಬ್ಬರಾಗಿ ಕುರ್ಚಿ ತಿರುಗಿಸಿಕೊಂಡರು. ಅಜ್ಜ ಕಾಫಿ ಮುಟ್ಟಲಿಲ್ಲ.

ಈಗ ಹೇಳಿ, ಅಂಗಡಿಗೆ ಹೋಗಿ ಅವರೆಲ್ಲ ಗಟ್ಟಿಯಾದರೇ, ಗಟ್ಟಿಯಾಗಿದ್ದುದರಿಂದಲೇ ಅಷ್ಟು ಮೆಟ್ಟಿಲು ಹತ್ತಿದರೇ? ಬೇಯಿಸಿ ಬಡಿಸಿ, ಅಂಗಿಗೆ ಇಸ್ತ್ರಿ ಹಾಕಿ, "ಹೋಗಿ ಅತ್ಲಾಗೆ" ಎಂದು ಹೊರಗಟ್ಟುವ ಹೆಂಡತಿ ಬದುಕಿದ್ದರೆ ಮೈಯೂ ನೆಟ್ಟಗಿರುತ್ತದೆ, ಅಂಗಡಿಯೂ ತಪ್ಪುವುದಿಲ್ಲ. ಅದರಲ್ಲಿ ಕಾಫಿಯ ಪವಾಡವೇನು? ಸತ್ತವರ ಶೋಕಕ್ಕೆ ಕಪ್ಪು ತಲೆವಸ್ತ್ರ ಕಟ್ಟಿದ ಹೆಂಗಸರಿರುವ ಮನೆಗಳಲ್ಲೇ ಸಾವು ಹೆಚ್ಚು ಕಂಡಿದೆ. ನಾಳೆ ತಲೆವಸ್ತ್ರ ನಿಷೇಧಿಸಿ ಸಾವನ್ನು ತಡೆಯುತ್ತೀರಾ? ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದನ್ನು ಹೆತ್ತಿತೆಂದಲ್ಲ. ಮೊದಲು ಕಾಲು ಕೆಟ್ಟಿತೋ, ಮೊದಲು ಅಂಗಡಿ ತಪ್ಪಿತೋ ಎಂದು ಬಾರದವರನ್ನು ಕೇಳಬೇಕಿತ್ತು. ನಿಮ್ಮವರು ಒಂದು ಬಾಗಿಲನ್ನೂ ತಟ್ಟಲಿಲ್ಲ. ಬಾಗಿಲ ಒಳಗೇ ಇದ್ದ ನಾನೂ ಕೇಳಲಿಲ್ಲ.

ಈಗ ಅಜ್ಜ ಪಟ್ಟಿ ಮುಟ್ಟಲು ಯಾರಿಗೂ ಬಿಡುತ್ತಿಲ್ಲ. "ಊರಿಗೆಲ್ಲ ತೋರ್ಸಿದ್ದು ಸಾಕು, ಹೋಗೇ," ಎನ್ನುತ್ತಾರೆ. ಹುಣ್ಣು ಮೇಲೇರುತ್ತಿದೆ.

ಆದೇಶ ಹಿಂತೆಗೆದುಕೊಳ್ಳಿ. ನರ್ಸಮ್ಮನನ್ನು ನಾಳೆಯೇ ಮನೆಗೆ ಕಳಿಸಿ, ಜೊತೆಗೆ ನೀವೂ ಬನ್ನಿ. ಅಜ್ಜ ನರ್ಸಮ್ಮನನ್ನು ಒಳಗೆ ಬಿಡುವವರೆಗೆ ನಾವಿಬ್ಬರೂ ಹೊಸ್ತಿಲ ಆಚೆ ನಿಂತು ಕ್ಷಮೆ ಕೇಳೋಣ.

ಇಂತಿ,
ಕರಪತ್ರವನ್ನು ಮೂರು ಸಲ ಓದಿ ಅಜ್ಜನ ಮುಖ ಒಮ್ಮೆಯೂ ನೋಡದ
ಎವಂಥಿಯಾ